ಪುಟ ಮೂವತ್ತೇಳು

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಕಾಲೇಜಿನ ಗ್ರಂಥಾಲಯದಲ್ಲಿ, ಗ್ರಂಥಪಾಲಕನಾದ ನನ್ನ ಮೇಜಿನ ಮುಂದೆ ರಸಾಯನಶಾಸ್ತ್ರದ ಕೊನೆಯ ವರ್ಷದ ಹುಡುಗಿಯೊಬ್ಬಳು ಬಂದು ನಿಂತಳು. ಕೈಯಲ್ಲಿದ್ದ ಪ್ರಾಜೆಕ್ಟ್ ವರದಿಯ ಮೊದಲ ಪುಟದ ಮೇಲೆ ಕೆಂಪು ಶಾಯಿಯ ಒಂದು ಸಾಲು: 'ಫಲಿತಾಂಶ ತಪ್ಪು. ಮತ್ತೆ ಮಾಡು.' ಸಹಿ ಇರಲಿಲ್ಲ. ಸಂಜೆ ಐದರೊಳಗೆ ಸಹಿ ಬೀಳದಿದ್ದರೆ ವರದಿ ಕಚೇರಿಗೆ ಸೇರುವುದಿಲ್ಲ, ಅವಳ ಒಂದು ವರ್ಷ ಹೋಗುತ್ತದೆ.

ಅವಳು ಹಾಸ್ಟೆಲಿನ ಬಾವಿಯ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಅಳೆದಿದ್ದಳು. ಲೀಟರಿಗೆ 71.2 ಮಿಲಿಗ್ರಾಂ ಬಂದಿತ್ತು. ಕುಡಿಯುವ ನೀರಿನಲ್ಲಿ ನಲವತ್ತೈದು ದಾಟಬಾರದು. ಮಾರ್ಗದರ್ಶಕರು ಅದನ್ನು ನೋಡಿದ ಕೂಡಲೇ, ಒಂಬತ್ತು ವರ್ಷದಿಂದ ಎಲ್ಲರಿಗೂ ಹದಿನೆಂಟರ ಆಸುಪಾಸು ಬಂದಿದೆ, ನೀನು ಗಾಜಿನ ಪಾತ್ರೆ ಸರಿಯಾಗಿ ತೊಳೆದಿಲ್ಲ ಎಂದಿದ್ದರಂತೆ. ವಿಭಾಗದ ಮುಖ್ಯಸ್ಥರಾದ ಅವರನ್ನು ಹುಡುಗರು ಬೆನ್ನ ಹಿಂದೆ 'ದಶಮಾಂಶ' ಎನ್ನುತ್ತಾರೆ. ಬಿಂದುವಿನ ನಂತರ ಅಂಕಿ ಇಲ್ಲದಿದ್ದರೆ ಅರ್ಧ ಅಂಕ ಕತ್ತರಿಸುವವರು.

"ಎಲ್ರೂ ಒಂದೇ ಸಮೀಕ್ಷೆ ವರದಿನ ಆಧಾರ ಕೊಟ್ಟಿದ್ದಾರೆ ಸರ್. ಪುಟ ಮೂವತ್ತೇಳು," ಎಂದಳು. "ಅವ್ರು ಯಾವ ತಿಂಗಳಲ್ಲಿ ನೀರು ತೆಗೆದ್ರು, ಹೇಗೆ ಅಳೆದ್ರು ಅಂತ ನೋಡ್ಬೇಕು. ನಂದೇ ತಪ್ಪಿದ್ರೆ ತಿದ್ಕೋತೀನಿ."

ಆ ವರದಿಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಮೊದಲು ಇದೇ ಬಾವಿಯ ನೀರಿನ ಮೇಲೆ ಹಿಂದಿನ ಒಂಬತ್ತು ವರ್ಷ, ವರ್ಷಕ್ಕೊಂದರಂತೆ ಬಂದ ಪ್ರಾಜೆಕ್ಟುಗಳನ್ನು ಕಪಾಟಿನಿಂದ ಇಳಿಸಿದೆ. ಒಂಬತ್ತರಲ್ಲೂ ಅದೇ ವಾಕ್ಯ, ಅದೇ ಪುಟ. ಮಕ್ಕೀಕಾಮಕ್ಕಿ ಎಂದರೆ ಇದು. ಅವರೇ ಅಳೆದದ್ದೆಂದು ಬರೆದ ಅಂಕಿಗಳು: 17.6, 18.3, 18.1, 17.9. ಒಂದು ವರ್ಷ, ಮದುವೆಯಾದ ವಿದ್ಯಾರ್ಥಿನಿಯೊಬ್ಬಳು ಪತಿಗೂ ಅತ್ತೆಮಾವಂದಿರಿಗೂ ಧನ್ಯವಾದ ಹೇಳಿದ್ದಳು. ಮರುವರ್ಷ ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ತನ್ನ ಪತಿಗೆ ಧನ್ಯವಾದ ಅರ್ಪಿಸಿದ್ದ. ಅದಕ್ಕೂ ಕೆಳಗೆ ದಶಮಾಂಶರ ಸಹಿ ಇತ್ತು. ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಇಲ್ಲಿ ಪದವಿ ಕೊಟ್ಟು ಕಳಿಸುತ್ತಿದ್ದೇವೆ ಎಂದು ಅವಳೆದುರೇ ಗೊಣಗಿದೆ.

ಸಮೀಕ್ಷೆಯ ವರದಿ ಬೀಗದ ಕಪಾಟಿನಲ್ಲಿತ್ತು. ತೆಗೆದುಕೊಂಡವರ ದಿನಾಂಕ ಒತ್ತುವ ಚೀಟಿ ಹಿಂದಿನ ರಟ್ಟಿನ ಒಳಗೆ ಖಾಲಿಯಾಗಿತ್ತು. ಹುಡುಗಿ ನಿಂತೇ ಪುಟ ತಿರುವಿದಳು, ಕೊನೆ ಮುಟ್ಟಿದಳು, ಮತ್ತೆ ಹಿಂದಿನಿಂದ ಎಣಿಸಿದಳು. ಇದ್ದದ್ದು ಮೂವತ್ತೆರಡೇ ಪುಟ. ಅದೆಲ್ಲವೂ ಬೀದಿ ನಲ್ಲಿಗಳ ನೀರಿನ ವಿಚಾರ. ಬಾವಿಯ ಸುದ್ದಿಯೇ ಇಲ್ಲ.

ಯಾರೋ ಹರಿದುಕೊಂಡಿರಬಹುದೇ ಎಂದು ಕೇಳಿದಳು. ಪುಸ್ತಕ ಬಂದ ದಿನದ ದಾಖಲೆ ತೆಗೆದು ನೋಡಿದೆ. ಪುಟಗಳು: ಮೂವತ್ತೆರಡು. ಬರವಣಿಗೆ ನನ್ನದೇ.

ಅದನ್ನು ನೋಡಿದಾಗ, ಪುಟ ಮೂವತ್ತೇಳು ಎಂದು ನಾನೇ ಎಲ್ಲೋ ಬರೆದದ್ದು ನೆನಪಾಯಿತು. ಮೇಜಿನ ಎಡ ಖಾನೆ ಎಳೆದೆ. ಹೊಸ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಒಂದು ಗಂಟೆ ಪಾಠ ಮಾಡುತ್ತೇನೆ: ಮಾಹಿತಿ ಹುಡುಕುವುದು ಹೇಗೆ, ಆಧಾರ ಕೊಡುವುದು ಹೇಗೆ. ಕೊನೆಗೆ ಒಂದು ಹಾಳೆ ಹಂಚುತ್ತೇನೆ. ಅದರ ಮೂರನೆಯ ಸಾಲು ಹೀಗಿತ್ತು: 'ಮಾದರಿ: ಬಾವಿ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 18 ಮಿಲಿಗ್ರಾಂ ಇತ್ತು', ಅದರ ಮುಂದೆ ಈ ಸಮೀಕ್ಷೆಯ ಹೆಸರು, ಪುಟ 37. ಹನ್ನೆರಡು ವರ್ಷದ ಹಿಂದೆ ಹೆಸರನ್ನು ಸೂಚಿಪತ್ರದಿಂದ ಎತ್ತಿಕೊಂಡಿದ್ದೆ, ವರದಿಯನ್ನು ಬಿಚ್ಚಿರಲಿಲ್ಲ. ಹದಿನೆಂಟು, ಮೂವತ್ತೇಳು ಎರಡೂ ಬಾಯಿಗೆ ಬಂದ ಸಂಖ್ಯೆಗಳು. ಮಾದರಿ ತಾನೇ ಎಂದುಕೊಂಡಿದ್ದೆ.

ಹಾಳೆಯನ್ನು ಅವಳ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ಎರಡು ಸಲ ಓದಿದಳು.

"ಆದ್ರೆ ಅವ್ರೆಲ್ಲ ಅಳೆದಿದ್ರಲ್ಲ ಸರ್?"

"ಇಲ್ಲಮ್ಮ. ಅಳೆದಿದ್ರೂ, ಆಮೇಲೆ ಹದಿನೆಂಟಕ್ಕೆ ತಿದ್ದಿದ್ದಾರೆ."

ಬೆಳಗಿನಿಂದ ಹುಡುಗರ ಮೇಲೆ ಕಾರಿದ ಕೋಪ ತಿರುಗಿ ನನ್ನ ಮೇಲೇ ಬಂತು. ಹಾಗೆಂದು ಅವರ ಪಾಲು ಕಡಿಮೆಯಾಗಲಿಲ್ಲ. ನಾನು ಬರೆದದ್ದು ಒಂದು ಸುಳ್ಳು ಸಾಲು. ಆ ಸಾಲಿಗೆ ಸರಿಹೊಂದುವಂತೆ ಒಂಬತ್ತು ವರ್ಷ ನೀರನ್ನೇ ಬದಲಿಸಿದವರು ಅವರು.

ಎರಡು ಗಂಟೆಗೆ ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದೆವು. ಸಮೀಕ್ಷೆಯ ವರದಿಯನ್ನೂ ನನ್ನ ಹಾಳೆಯನ್ನೂ ಅವರ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು.

"ಒಂಬತ್ತು ಬ್ಯಾಚ್ ತಪ್ಪು, ಇವಳೊಬ್ಬಳು ಸರಿ. ಅಲ್ವೇನ್ರೀ?"

"ತಪ್ಪು ಒಂದೇ ಸರ್, ನಂದು. ಮಿಕ್ಕಿದ್ದೆಲ್ಲ ಅದರ ನಕಲು. ಸಹಿ ಮಾತ್ರ ನಿಮ್ದು."

ಅವರ ಮುಖ ಬಿಗಿದುಕೊಂಡಿತು. ಆಮೇಲೆ ದನಿ ಇಳಿಸಿ ಹುಡುಗಿಗೆ ಒಂದು ದಾರಿ ಹೇಳಿದರು. ಈ ಆಧಾರವನ್ನು ಕೈಬಿಟ್ಟು 'ಹಿಂದಿನ ಅಧ್ಯಯನಗಳ ಪ್ರಕಾರ' ಎಂದು ಬರೆಯಲಿ, ತನ್ನ ಅಂಕಿಯನ್ನು ಪ್ರಾಯೋಗಿಕ ದೋಷವೆಂದು ತೋರಿಸಲಿ, ಈಗಲೇ ಸಹಿ ಹಾಕುತ್ತೇನೆ ಎಂದರು. ಪೆನ್ನಿನ ಮುಚ್ಚಳವನ್ನೂ ತೆಗೆದರು.

ಹುಡುಗಿ ತನ್ನ ವರದಿಯನ್ನು ಮುಂದೆ ಸರಿಸಲಿಲ್ಲ.

"ನಾನೂ ನನ್ನ ತಂಗಿನೂ ಅದೇ ಹಾಸ್ಟೆಲಲ್ಲಿ ಇರೋದು ಸರ್. ಅದೇ ನೀರು ಕುಡೀತೀವಿ. ನೀವೇ ಅಳೀರಿ. ಹದಿನೆಂಟು ಬಂದ್ರೆ ನಾನು ಮುಂದಿನ ವರ್ಷ ಮತ್ತೆ ಬರ್ತೀನಿ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಎದ್ದು ಬಿಳಿ ಕೋಟು ಹಾಕಿಕೊಂಡರು. ನೀರನ್ನು ಬಾವಿಯಿಂದ ತಾವೇ ತಂದರು, ಗಾಜನ್ನು ತಾವೇ ಮೂರು ಸಲ ತೊಳೆದರು. ನೈಟ್ರೇಟ್ ಎಷ್ಟಿದೆ ಎಂದು ಗೊತ್ತಿರುವ ದ್ರಾವಣವನ್ನು ಮೊದಲು ಯಂತ್ರಕ್ಕಿಟ್ಟು, ಅದು ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸಿದರು. ಸರಿಯಾಗಿಯೇ ಇತ್ತು. ತಾನು ಮುಟ್ಟಿದ್ದಾಗಿ ಯಾರೂ ಅನ್ನಬಾರದೆಂದು ಹುಡುಗಿ ಕೈಗಳನ್ನು ಹಿಂದೆ ಕಟ್ಟಿ ಪ್ರಯೋಗಾಲಯದ ಬಾಗಿಲ ಬಳಿ ನಿಂತಿದ್ದಳು. ಅವಳ ಕಣ್ಣು ಗಡಿಯಾರದ ಮೇಲಿತ್ತು.

ನಾಲ್ಕು ಇಪ್ಪತ್ತೈದಕ್ಕೆ ಬಾವಿಯ ನೀರಿಟ್ಟರು. ಅಂಕಿ ನೋಡಿ ಕನ್ನಡಕ ಒರೆಸಿಕೊಂಡರು. ಹೊಸದಾಗಿ ನೀರು ತುಂಬಿ ಇನ್ನೊಮ್ಮೆ ಇಟ್ಟರು. ನಮ್ಮಿಬ್ಬರ ಕಡೆಗೂ ನೋಡದೆ ಅವಳ ವರದಿಯನ್ನು ಕೇಳಿದರು. ಕೆಂಪು ಸಾಲನ್ನು ಹೊಡೆದುಹಾಕಿ, ಸಹಿ ಹಾಕಿ, ಪಕ್ಕದಲ್ಲಿ ವೇಳೆ ಬರೆದರು: ನಾಲ್ಕು ನಲವತ್ತೆಂಟು. ಕ್ಷಮಿಸು ಎನ್ನಲಿಲ್ಲ. ನಾನೂ ಅಲ್ಲಿಯತನಕ ಅವಳಿಗೆ ಹಾಗೆಂದಿರಲಿಲ್ಲ, ಮೆಟ್ಟಿಲಿಳಿಯುವಾಗ ಹೇಳಿದೆ. ಅವಳು ಕಚೇರಿಯ ಕಡೆಗೆ ಓಡುತ್ತಿದ್ದಳು, ಕೇಳಿಸಿತೋ ಇಲ್ಲವೋ.

ಸಹಿಯ ಕೆಳಗೆ ಅವರು ತಮ್ಮ ಕೈಯಾರೆ ಬರೆದದ್ದು ಇಷ್ಟು: ಹಾಸ್ಟೆಲಿನ ಬಾವಿ, ನೈಟ್ರೇಟ್, ಲೀಟರಿಗೆ 71.4 ಮಿಲಿಗ್ರಾಂ.