ಅಪ್ಪನ ಎಡೆ

ತನ್ನ ಸರದಿ ಬಂದಾಗ ಜವರಪ್ಪ ಎದ್ದು ನಿಂತು, ಎಲ್ಲರಂತೆ ಹೆಸರು ಹೇಳಿದ, ಕುಡುಕ ಎಂದೂ ಹೇಳಿದ. ಆಮೇಲೆ ಹೆಗಲ ಟವೆಲು ತೆಗೆದು ಮಡಿಸುತ್ತಾ ನಿಂತ. ಆಲೂರಿನ ಟೈಲರ್ ಅಂಗಡಿಯ ಮಹಡಿಯಲ್ಲಿ, ಕುಡಿತ ಬಿಡಲು ಹೊರಟವರು ಪ್ರತಿ ಭಾನುವಾರ ಸೇರುವ ಆ ಕೋಣೆಯಲ್ಲಿ ಕೂತವರೆಲ್ಲ ಕಾದರು. ಅವರಲ್ಲಿ ಯಾರಿಗೂ ಈಗ ಅವಸರವಿರಲಿಲ್ಲ. ಅವಸರವಿದ್ದ ಕಾಲದಲ್ಲಿ ಅವರು ನಿಲ್ಲುತ್ತಿದ್ದದ್ದು ಬೇರೆ ಅಂಗಡಿಯ ಮುಂದೆ.

"ಬರೋ ಅಮಾಸೆಗೆ ನಮ್ಮಪ್ಪಂಗೆ ಎಡೆ ಇಡ್ಬೇಕು," ಎಂದ ಕೊನೆಗೆ. "ಅಪ್ಪಂಗೆ ಬ್ರಾಂದಿ ಅಂದ್ರೆ ಪ್ರಾಣ. ಬಾಟ್ಲಿ ಇಡ್ದೆ ಇರಕ್ಕಾಗಲ್ಲ. ಬಾಗ್ಲು ತೆಗುದ್ಮೇಲೆ ಮೊದ್ಲು ಅದ್ನ ಬಾಯಿಗೆ ಹಾಕ್ಬೇಕಾದೋನು ಹಿರೀಮಗ. ಹಿರೀಮಗ ನಾನೇ."

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಮನೆಯವರು ಅಂಗಳದಲ್ಲಿ ನಿಲ್ಲುವುದು ಆ ಕಡೆಯ ರೂಢಿ. ಆಮೇಲೆ ಅದೇ ಪ್ರಸಾದ. ಆ ಪ್ರಸಾದದ ಒಂದು ಗುಟುಕು ಒಳಗೆ ಹೋದರೆ ತನ್ನ ಕಥೆ ಮುಗಿಯಿತೆಂದು ಜವರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಉಗಾದಿಯಿಂದ ಈಚೆಗೆ ಅವನು ಒಂದು ಹನಿಯನ್ನೂ ಮುಟ್ಟಿರಲಿಲ್ಲ.

ಅವನನ್ನು ಇಲ್ಲಿಗೆ ಕರೆತಂದವನು ಬಾಬಾಜಾನ್, ಎಸ್ಟೇಟ್‌ನಿಂದ ಕಾಫಿ ಸಾಗಿಸುವ ಪಿಕಪ್‌ನವನು. ಜವರಪ್ಪನದು ಮರಗಸಿ ಕೆಲಸ, ಕಾಫಿ ಗಿಡಕ್ಕೆ ಬಿಸಿಲು ಇಳಿಯಲೆಂದು ಎತ್ತರದ ಮರ ಹತ್ತಿ ಕೊಂಬೆ ಸವರುವುದು. ಕೈ ನಡುಗತೊಡಗಿದ ಮೇಲೆ, ಆಳುಗಳ ಲೆಕ್ಕ ನೋಡುವ ರೈಟರ್ ಅವನ ಕತ್ತಿ ಕಿತ್ತುಕೊಂಡು ಗೊಬ್ಬರ ಹೊರಲು ಹಾಕಿದ್ದರು. ಮನೆಯಲ್ಲಿ ಹೆಂಡತಿ ಮಂಜುಶ್ರೀಯೂ ಅವನಿಗೆ ಅರ್ಧ ಲೋಟ ಕಾಫಿಯನ್ನೇ ಕೊಡುತ್ತಿದ್ದಳು. ಪೂರ್ತಿ ಕೊಟ್ಟರೆ ಉಳಿದರ್ಧ ನೆಲಕ್ಕೆ, ಒರೆಸುವವಳು ಅವಳೇ. ಗೊಬ್ಬರದ ಮೂಟೆಯ ಮೇಲೆ ಕೂತು ಅವನು ಅಳುತ್ತಿದ್ದ ಒಂದು ದಿನ ಬಾಬಾಜಾನ್ ಪಕ್ಕದಲ್ಲಿ ಬಂದು ಕೂತ.

"ನಮ್ಮಲ್ಲಿ ಕುಡಿಯೋದೇ ತಪ್ಪು ಕಣೋ ಮಾರಾಯ. ನಾನು ಬಚ್ಚಿಟ್ಕಂಡು ಒಬ್ನೇ ಕುಡ್ದೆ. ಬಿಡೋದು ಮಾತ್ರ ಒಬ್ಬಂಗೆ ಆಗ್ಲಿಲ್ಲ. ಭಾನ್ವಾರ ಗಾಡಿ ಹತ್ತು," ಎಂದ.

ಆಣೆ ಹಾಕಿಸುತ್ತಾರೆಂದುಕೊಂಡು ಜವರಪ್ಪ ಮೊದಲ ದಿನ ತಲೆಗೆ ನೀರು ಹಾಕಿಕೊಂಡು, ತೆಂಗಿನಕಾಯಿ ಬಾಳೆಹಣ್ಣು ಹಿಡಿದು ಬಂದಿದ್ದ; ಸ್ವಾಮಿಗಳು ಯಾರೆಂದು ಬಾಗಿಲಲ್ಲೇ ಕೈಮುಗಿದು ಕೇಳಿದ್ದ. ನಿವೃತ್ತ ಮೇಷ್ಟರು ಏಕಾಂತಯ್ಯ, ಇಲ್ಲಿರುವವರೆಲ್ಲ ಬರೀ ಭಕ್ತರು, ಅದೂ ಬಾಟಲಿಯ ಭಕ್ತರು ಎಂದು ಹೇಳಿ, ಕಾಯಿ ಒಡೆದು ಎಲ್ಲರಿಗೂ ಹಂಚಿದ್ದರು. ಅಷ್ಟು ನಗು ಆ ಕೋಣೆ ಅದುವರೆಗೆ ಕಂಡಿರಲಿಲ್ಲವಂತೆ.

ಇವತ್ತು ಯಾರೂ ನಗಲಿಲ್ಲ. ಸಭೆ ಮುಗಿದು ಟೀ ಕುಡಿಯುವಾಗ ಏಕಾಂತಯ್ಯನವರು ಒಂದೇ ಮಾತು ಕೇಳಿದರು: "ನಿಮ್ಮವ್ವನ್ನ ಕೇಳಿದ್ಯೇನಪ್ಪ?"

ಜವರಪ್ಪ ಕೇಳಿರಲಿಲ್ಲ. ಕೇಳಬಹುದೆಂದೇ ಅವನಿಗೆ ಹೊಳೆದಿರಲಿಲ್ಲ. ಮನೆಗೆ ಹೋದ ಮೇಲೂ ಬಾಯಿ ಬರಲಿಲ್ಲ. ಅವನ ತಾಯಿ ಹುಲಿಯಮ್ಮ ಹೆಸರಿಗೆ ತಕ್ಕ ಹೆಂಗಸು.

ಅಮಾವಾಸ್ಯೆಯ ಸಂಜೆ, ಅವನನ್ನು ಒಬ್ಬನೇ ಬಿಡಬಾರದೆಂದು ಬಾಬಾಜಾನ್ ಮತ್ತು ಏಕಾಂತಯ್ಯ ಅವನ ಊರು ಹೊಸಕೋಟೆಗೆ ಬಂದು ಅಂಗಳದಲ್ಲಿ ಕೂತರು. ಒಳಗೆ ಅಪ್ಪನ ಫೋಟೋದ ಮುಂದೆ ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ತಮ್ಮ ಕುಮಾರ್ ಬ್ರಾಂದಿ ಬಾಟಲಿ ತಂದು ಎಲೆಯ ಪಕ್ಕ ನಿಲ್ಲಿಸಿದ. ಜವರಪ್ಪನ ಬಾಯಲ್ಲಿ ನೀರೂರಿತು. ಆ ಹೆದರಿಕೆಯಲ್ಲೇ ಮಾತು ಬಂತು.

"ಅವ್ವಾ, ಬಾಟ್ಲಿ ಬ್ಯಾಡ. ಇಟ್ರೆ ನಾನು ಕುಡ್ದ್‌ಬುಡ್ತೀನಿ."

ಕುಮಾರ್ ರೇಗಿದ. ಅಪ್ಪ ಉಣ್ಣದೆ ಹೋದರೆ ಮನೆಗೆ ಒಳ್ಳೆಯದಾಗುತ್ತದೆಯೇ ಎಂದು ಕೇಳಿದ. ಹುಲಿಯಮ್ಮ ಇಬ್ಬರು ಮಕ್ಕಳನ್ನೂ ನೋಡಿ, ಬಾಟಲಿಯ ಕತ್ತು ಹಿಡಿದು ಎತ್ತಿಕೊಂಡಳು.

"ಬದ್ಕಿದ್ದಾಗ ಇದ್ನ ರಾಗಿ ಮೂಟೇಲಿ, ಸೌದೆ ಸಂದೀಲಿ, ಎಲ್ಲೆಲ್ಲೋ ಬಚ್ಚಿಟ್ಟೆ. ಎಲ್ಲಿಟ್ರೂ ಹುಡುಕ್ಬುಡೋನು. ಸತ್ಮೇಲೆ ನಾನೇ ಕೈಯಾರೆ ಇಡ್ತಾ ಬಂದಿದೀನಿ. ನಂಗೂ ಸಾಕಾಗೈತೆ. ಬೇಕಾದ್ರೆ ಬಂದು ನನ್ನೇ ಕೇಳ್ಲಿ."

ಹಿತ್ತಲಿಗೆ ಹೋಗಿ ನುಗ್ಗೆ ಮರದ ಬುಡಕ್ಕೆ ಅಷ್ಟನ್ನೂ ಸುರಿದಳು. ಬಾಗಿಲಿಗೆ ಬಂದು ನಿಂತ ಕುಮಾರ್‌ನ ಮುಖ ಕಂಡು ಬಾಬಾಜಾನ್ ಕೆಮ್ಮುವ ನೆಪದಲ್ಲಿ ಆಚೆ ತಿರುಗಿದ. ಬಾಟಲಿಯ ಜಾಗದಲ್ಲಿ ಒಂದು ಲೋಟ ಬೆಲ್ಲದ ಕಾಫಿ ಬಂದು ಕೂತಿತು. ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಇಳಿದರು.

ಆಗ ಯಾರೂ ಮಾತಾಡಬಾರದು. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ಒಳಗೆ ಏನೋ ಠಣ್ಣೆಂದಿತು. ಬೆಕ್ಕೋ ಇಲಿಯೋ ಇರಬೇಕು.

"ಹುಡುಕ್ತಾ ಅವ್ನೆ," ಎಂದಳು ಹುಲಿಯಮ್ಮ.

ಮೊದಲು ನಕ್ಕವಳು ಮಂಜುಶ್ರೀ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಏಕಾಂತಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಖ ಊದಿಸಿಕೊಂಡಿದ್ದ ಕುಮಾರ್ ಕೂಡ ಸೋತ. ಜವರಪ್ಪನಿಗೆ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂರಬೇಕಾಯಿತು. ಕುಡಿಯದೆ ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ, ಅವನಿಗೆ ತುಂಬಾ ಸಂತೋಷವಾಗಿತ್ತು.

ಬಾಗಿಲು ತೆಗೆದಾಗ ಎಡೆ ಇಟ್ಟ ಹಾಗೇ ಇತ್ತು. ಹಿರಿಯ ಮಗ ಆರಿದ ಕಾಫಿಯ ಮೊದಲ ಗುಟುಕು ಕುಡಿದು ತಮ್ಮನಿಗೆ ಕೊಟ್ಟ, ತಮ್ಮ ಬಾಬಾಜಾನ್‌ಗೆ ದಾಟಿಸಿದ. ಮಟನ್ ಮುಟ್ಟದ ಏಕಾಂತಯ್ಯ ಕಜ್ಜಾಯಕ್ಕೆ ಕೈ ಹಾಕಿದರು.

ಮಂಜುಶ್ರೀ ಎಲ್ಲರಿಗೂ ಬಿಸಿ ಕಾಫಿ ತಂದಳು. ಜವರಪ್ಪನ ಲೋಟಕ್ಕೆ ಸುರಿಯುತ್ತಾ ಅಭ್ಯಾಸದಂತೆ ಅರ್ಧಕ್ಕೆ ನಿಲ್ಲಿಸಿದಳು. ಅವನ ಕೈಯನ್ನೊಮ್ಮೆ ನೋಡಿದಳು. ಆಮೇಲೆ ಪಾತ್ರೆ ಮತ್ತೆ ಬಗ್ಗಿಸಿ, ಅಂಚಿನವರೆಗೂ ತುಂಬಿದಳು.