ಪೂಜೆ ಕಟ್ಟಿದ ಪೆಟ್ಟಿಗೆ

"ಇಲ್ಲ ಕಣವ್ವ, ನಾನೇನೂ ಕಿತ್ತಾಕಿಲ್ಲ. ಎಲ್ಲಾ ಇದ್ದಂಗೇ ಅವೆ."

ಲಿಂಗರಾಜು ಅದೇ ಮಾತನ್ನು ಮತ್ತೆ ಹೇಳಿದಾಗ ಬೃಂದಾ ರಿಸೀವರನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದಳು. ಅವನು ಕೆಲಸ ಮಾಡುವ ಕಂಪಲಾಪುರದ ಹಾಲಿನ ಕೇಂದ್ರದ ಗದ್ದಲವೆಲ್ಲ ಫೋನಿನಲ್ಲಿ ಹರಿದು ಬರುತ್ತಿತ್ತು. ಕ್ಯಾನುಗಳನ್ನು ಸಿಮೆಂಟಿನ ಮೇಲೆ ಎಳೆಯುವ ಕರಕರ, ಟೆಂಪೋ ಡ್ರೈವರುಗಳ ಬೈಗುಳ, ಅದರ ನಡುವೆ ಒಂದು ಹೆಂಗಸಿನ ದನಿ. ಅದು ಭದ್ರಮ್ಮನದು. ತನ್ನ ಊರಿನ ಹೆಂಗಸರ ಸಂಘದ ಹಾಲು ತಂದಿದ್ದವಳು ಎಲ್ಲರಿಗೂ ಕೇಳಿಸುವ ಹಾಗೆ, "ಅಬ್ಬದ ದಿವ್ಸವೇ ನಮ್ಮಾಲು ಒಡೀಲಿ ಅಂತ ಈ ಕಂಪ್ಯೂಟ್ರು ಅರಕೆ ಕಟ್ಕಂಡದೇನ್ಲಾ?" ಎನ್ನುತ್ತಿದ್ದಳು.

ಆಯುಧಪೂಜೆಯ ಸಂಜೆ. ಬೃಂದಾ ಕೂತಿದ್ದದ್ದು ಹುಣಸೂರಿನ ಹೈನುಗಾರರ ಒಕ್ಕೂಟದ ಕಚೇರಿಯಲ್ಲಿ, ಸರ್ವರುಗಳನ್ನಿಟ್ಟ ಹಿಂದಿನ ಕೋಣೆಯಲ್ಲಿ. ಹೊರಗೆ ಎಷ್ಟೇ ಸೆಕೆಯಿದ್ದರೂ ಆ ಕೋಣೆ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಆದರೂ ಅವಳ ಕತ್ತಿನ ಹಿಂದೆ ಬೆವರು ಒಡೆದಿತ್ತು. ಕೊಪ್ಪ, ಬೀಚನಹಳ್ಳಿ, ಕೆ.ಆರ್. ನಗರ, ಎಲ್ಲ ಕೇಂದ್ರಗಳಲ್ಲೂ ಸಂಜೆಯ ಹಾಲು ಸರಾಗವಾಗಿ ಇಳಿಯುತ್ತಿದ್ದರೆ ಕಂಪಲಾಪುರ ಒಂದೇ ಕಟ್ಟಿಕೊಂಡು ನಿಂತಿತ್ತು. ತೂಕದಲ್ಲಿ ಮೋಸವೆಂಬ ಜಗಳ ಹತ್ತಿದ ಮೇಲೆ ಒಕ್ಕೂಟದವರು ಒಂದು ಕಟ್ಟು ಮಾಡಿದ್ದರು: ತೂಕ ಕಂಪ್ಯೂಟರಿಗೆ ಏರದೆ ತಣ್ಣಗಿನ ತೊಟ್ಟಿಯ ಬಾಯಿ ತೆರೆಯಕೂಡದು. ಕಂಪ್ಯೂಟರು ಮುನಿಸಿಕೊಂಡರೆ ಹಾಲು ಕ್ಯಾನಿನಲ್ಲೇ ನಿಂತು ಹುಳಿಯಾಗಬೇಕು.

ಮುನಿಸಿಗೆ ಕಾರಣ ಇಂದು ಮಧ್ಯಾಹ್ನ ಬೃಂದಾ ಓಡಿಸಿದ ಪ್ರೋಗ್ರಾಮು ಎಂದು ಯಾರಿಗಾದರೂ ಅನ್ನಿಸುವಂತಿತ್ತು. ಹಾಲು ತೂಗುವ ಕಂಪ್ಯೂಟರು ಎದ್ದ ಕೂಡಲೇ "ನನ್ನ ನಂಬರು ಯಾವುದು" ಎಂದು ಕೂಗು ಹಾಕುತ್ತದೆ. ಆ ಕೂಗು ತಾನಿರುವ ಕೇಂದ್ರದ ಗೋಡೆ ದಾಟುವುದಿಲ್ಲ. ಅಲ್ಲಿನ ವಯರುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಹುಣಸೂರಿಗೆ ದಾಟಿಸಿ, ಇಲ್ಲಿಂದ ನಂಬರು ಈಸಿಕೊಂಡು ಹೋಗಿ ಕೊಡಬೇಕು. ಇದಕ್ಕೆ ರಿಲೇ ಎಂದು ಹೆಸರು. ಇದುವರೆಗೆ ಆ ವ್ಯವಸ್ಥೆ ಮಾಡಲು ಕೋಣೆಯ ಮುಖ್ಯಸ್ಥ ಉಮಾಶಂಕರ ಬಸ್ಸು ಹತ್ತಿ ಊರೂರಿಗೆ ಹೋಗಿ ಪೆಟ್ಟಿಗೆಯ ಮುಂದೆ ಕೂತು ಟೈಪು ಮಾಡಬೇಕಿತ್ತು. ಒಂದಕ್ಷರ ತಪ್ಪಿದರೆ ಮತ್ತೆ ಬಸ್ಸು. ಡೇಟಾ ಎಂಟ್ರಿಗೆಂದು ಸೇರಿದ್ದ ಬೃಂದಾ ಅವರಿವರ ಪುಸ್ತಕ ಓದಿ, ಕೂತಲ್ಲಿಂದಲೇ ಎಲ್ಲ ಪೆಟ್ಟಿಗೆಗಳಿಗೂ ಒಟ್ಟಿಗೆ ರಿಲೇ ಹಾಕುವ ಪ್ರೋಗ್ರಾಮು ಬರೆದಿದ್ದಳು. ಕಚೇರಿಯ ಕಂಪ್ಯೂಟರುಗಳಿಗೆ ಒಂದು ದಾರಿ, ಹಾಲಿನ ಕಟ್ಟೆಯ ಯಂತ್ರಗಳಿಗೆ ಒಂದು ದಾರಿ ಎಂದು ಪೆಟ್ಟಿಗೆಗೆ ವಯರು ಚುಚ್ಚುವ ತೂತುಗಳನ್ನೂ ಅದೇ ಹಂಚಿತ್ತು. ಒಕ್ಕೂಟದ ಅಧ್ಯಕ್ಷರು ಒಪ್ಪಿದ್ದರು, ಆದರೆ ಒಂದು ಮಾತು ಸೇರಿಸಿ: ಎಲ್ಲಾದರೂ ಒಂದು ಕಡೆ ಹಾಲು ನಿಂತರೂ ಆ ಪ್ರೋಗ್ರಾಮನ್ನು ಸುತ್ತಿಟ್ಟು ಹಳೆಯ ಪದ್ಧತಿಗೇ ಹೋಗುವುದು. ಹಾಗೆಂದರೆ ಬೃಂದಾ ಮತ್ತೆ ಡೇಟಾ ಎಂಟ್ರಿಯ ಕುರ್ಚಿಗೆ.

ಅವಳು ಪರದೆಯನ್ನು ಇನ್ನೊಮ್ಮೆ ಓದಿದಳು. ಕಂಪಲಾಪುರದ ತೂಕದ ಯಂತ್ರ ಕೂಗಿತ್ತು, ಪೆಟ್ಟಿಗೆ ದಾಟಿಸಿತ್ತು, ಹುಣಸೂರು ನಂಬರು ಕೊಟ್ಟಿತ್ತು. ಕೂಗು ಬಂದಿದ್ದ ದಾರಿ ಮಾತ್ರ ಕಚೇರಿಯದು. ಹಾಗಾಗಿ ಸಿಕ್ಕಿದ್ದೂ ಕಚೇರಿಯ ನಂಬರು. ಅದನ್ನು ಹೊತ್ತು ಬಂದವನನ್ನು ಹಾಲಿನ ಲೆಕ್ಕದ ಸರ್ವರು ಯಾರೋ ಎಂದು ಬಾಗಿಲಲ್ಲೇ ತಡೆಯುತ್ತಿತ್ತು. ಯಾವ ವಯರು ಯಾವ ತೂತಿನಲ್ಲಿದೆ ಎಂದು ನಿನ್ನೆ ತಾನೇ ಲಿಂಗರಾಜುವನ್ನು ಕೇಳಿಕೊಂಡಿದ್ದಳು. ಆಗ ಸರಿಯಾಗಿತ್ತು. ಇಂದು ವಯರು ಜಾಗ ಬದಲಿಸಿದೆ.

ಬೆನ್ನ ಹಿಂದೆ ನಿಂತು ಅದನ್ನೇ ಓದುತ್ತಿದ್ದ ಉಮಾಶಂಕರ ಕನ್ನಡಕ ತೆಗೆದರು. "ಬೇಕೂಂತ್ಲೇ ಮಾಡಿದಾನೆ ನೋಡಮ್ಮ. ಮೀಟಿಂಗಲ್ಲಿ ಏನಂದಿದ್ದ, ಮರೆತ್ಯಾ?"

ಮರೆತಿರಲಿಲ್ಲ. ಎಲ್ಲಾನೂ ಉಣಸೂರಿಂದ್ಲೇ ಮಾಡ್ಕಂಡ್ರೆ ನಾವಲ್ಲಿ ಎಮ್ಮೆ ಮೈ ತೊಳೆಯಾದಾ, ಎಂದಿದ್ದ ಲಿಂಗರಾಜು. ಅಧ್ಯಕ್ಷರೂ ಸೇರಿ ಎಲ್ಲ ನಕ್ಕಿದ್ದರು. ಇಂದು ಆ ನಗೆಯೇ ಅವನ ಮೇಲೆ ಸಾಕ್ಷಿ ಹೇಳುವಂತಿತ್ತು. ಕಂಟ್ರಾಕ್ಟಿನ ನೌಕರ, ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಉಮಾಶಂಕರ ಅದನ್ನೂ ಬಾಯಿಬಿಟ್ಟು ಹೇಳಿದರು. ಅಧ್ಯಕ್ಷರಿಗೆ ಅವನು ವಯರು ಕಿತ್ತ ಎಂದು ಒಂದು ಮಾತು ಹೇಳಿದರೆ ಸಾಕು, ಪ್ರೋಗ್ರಾಮಿಗೆ ಮಸಿ ಹತ್ತುವುದಿಲ್ಲ, ನೀನು ಸುಮ್ಮನಿದ್ದುಬಿಡು ಎಂದರು.

ಬೃಂದಾ ರಿಸೀವರನ್ನು ಮತ್ತೆ ಕಿವಿಗೊತ್ತಿದಳು. ಫೋನಿನಲ್ಲಿ ಲಿಂಗರಾಜು ಯಾರಿಗೋ ಗದರುವುದು ಕೇಳಿಸಿತು. "ಆ ಬೂದುಗುಂಬಳದ ಚೂರು ತುಳೀಬ್ಯಾಡ್ರಲಾ, ಕ್ಯಾನ್ ಸಮೇತ ಜಾರ್ಕಂಡೋದೀರಿ."

ಒಕ್ಕೂಟದ ಕಚೇರಿಯಲ್ಲೂ ಬೆಳಿಗ್ಗೆ ಪೂಜೆಯಾಗಿತ್ತು. ಬೃಂದಾಳೇ ಸರ್ವರಿನ ಬೀರುವಿಗೆ ಕುಂಕುಮದ ಬೊಟ್ಟಿಟ್ಟು, ಹೂವಿನ ತುಂಡೊಂದನ್ನು ಮೇಲಿಟ್ಟು ಕೈಮುಗಿದಿದ್ದಳು. ಅಷ್ಟೇ. ಆದರೆ ಹಳ್ಳಿಯ ಕಡೆ ಪೂಜೆಯೆಂದರೆ ನೇಗಿಲಿನ ಗುಳವನ್ನೂ ಬಿಚ್ಚಿ ತೊಳೆಯುವ ಜನ.

"ಲಿಂಗರಾಜಣ್ಣ," ಎಂದಳು, ದನಿಯನ್ನು ಇಳಿಸಿ. "ಪೂಜೆ ಹೆಂಗ್ ಮಾಡಿದ್ರಿ?"

ಅವನ ದನಿ ಒಮ್ಮೆಗೇ ಅರಳಿತು. ಬೆಳಗಿನ ಹಾಲು ಮುಗಿದ ಮೇಲೆ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿದ್ದನಂತೆ. ಒಂದೊಂದೇ ವಯರು ಬಿಡಿಸಿ, ಒಣಬಟ್ಟೆಯಲ್ಲಿ ಧೂಳು ಒರೆಸಿ, ಪೂರ್ವಕ್ಕೆ ಮುಖ ಮಾಡಿಸಿ ಮಣೆಯ ಮೇಲೆ ಇಟ್ಟಿದ್ದನಂತೆ. ಊರಿನ ಪೂಜಾರಿ ಮುದ್ದಯ್ಯನವರು ಬಂದು ಅದರ ಹಣೆಗೆ ಗಂಧ ಬಳಿದು, ಮಂಗಳಾರತಿ ಎತ್ತಿ, ಲಿಂಗರಾಜು ವಯರುಗಳನ್ನೆಲ್ಲ ಮತ್ತೆ ಚುಚ್ಚಿದ ಮೇಲೆ ಅವುಗಳನ್ನು ಸೇರಿಸಿ ಅರಿಶಿನದ ದಾರದ ಕಂಕಣ ಕಟ್ಟಿದ್ದರಂತೆ. ಹಿಂದೆ ಅಲ್ಲೊಂದು ಇಲ್ಲೊಂದು ನೇತಾಡುತ್ತಿದ್ದ ವಯರುಗಳನ್ನು ಈ ಸಲ ಹೂವು ಮುಡಿಸಿದ ಹಾಗೆ ಒಂದೇ ಸಾಲಿಗೆ ಕೂರಿಸಿದ್ದೇನೆ ಎಂದು ಹೇಳಿಕೊಂಡ.

"ವರ್ಸ ವರ್ಸವೂ ಮಾಡೋದೇ ಕಣವ್ವ. ಯಾವತ್ತೂ ಏನೂ ಆಗಿಲ್ಲ."

ಆಗಿರಲಿಲ್ಲ, ನಿಜ. ಇಂದು ಬೆಳಗಿನವರೆಗೆ ಪೆಟ್ಟಿಗೆಯ ಎಲ್ಲ ತೂತೂ ಒಂದೇ. ಯಾವ ವಯರನ್ನು ಎಲ್ಲಿಗೆ ಚುಚ್ಚಿದರೂ ನಡೆಯುತ್ತಿತ್ತು. ಇಂದು ಮಧ್ಯಾಹ್ನದಿಂದ ಹಾಗಿಲ್ಲ ಎಂದು ಕೇಂದ್ರದವರಿಗೆ ಯಾರೂ ಹೇಳಿರಲಿಲ್ಲ.

ಉಮಾಶಂಕರ ಕೈಸನ್ನೆ ಮಾಡಿದರು. ಕಿತ್ತು ಹಳೆಯ ಜಾಗಕ್ಕೆ ಹಾಕಲು ಹೇಳು. ಅವಳು ಹೇಳಿದಳು.

"ನಾಳೆ ಪೂಜೆ ಕದಲಿಸೋಗಂಟ ಕೀಳಂಗಿಲ್ಲ ಕಣವ್ವ," ಎಂದ ಲಿಂಗರಾಜು. "ಕಂಕಣ ಕಟ್ಟವ್ರೆ."

ಉಮಾಶಂಕರ ರಿಸೀವರು ಕಿತ್ತುಕೊಂಡರು. "ವಯರು ಕೀಳ್ತೀಯೋ, ಕೆಲ್ಸ ಬಿಡ್ತೀಯೋ?"

"ಕೆಲ್ಸ ಬುಡಿಸಿ ಸಾರ್," ಎಂದ ಲಿಂಗರಾಜುವಿನ ಉತ್ತರ ಬೃಂದಾಳಿಗೂ ಕೇಳಿಸಿತು. ಅದರಲ್ಲಿ ಸಿಟ್ಟಿರಲಿಲ್ಲ. "ಇಷ್ಟು ಜನ ಕೈಮುಗ್ದವ್ರೆ. ಇವ್ರ ಮುಂದೆ ನಾ ಕಂಕಣ ಕೀಳಾಕಿಲ್ಲ."

ಉಮಾಶಂಕರ ರಿಸೀವರನ್ನು ಮೇಜಿನ ಮೇಲೆ ಕುಕ್ಕಿದರು. ಬೃಂದಾ ಅದನ್ನೆತ್ತಿಕೊಂಡು, ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಣ್ಣ, ಏನೂ ಕೀಳಬೇಡಿ. ತೂಕದ ಮಿಷನ್ನಿನ ವಯರು ಯಾವ ತೂತಲ್ಲಿದೆ, ಅದನ್ನ ಹೇಳಿ. ನಾನು ಇಲ್ಲಿಂದ್ಲೇ ಆ ತೂತನ್ನ ಹಾಲಿನ ದಾರಿಗೆ ಹಾಕ್ತೀನಿ."

ಎಲ್ಲ ಪೆಟ್ಟಿಗೆಗಳೂ ಒಂದೇ ಅಚ್ಚಿನಲ್ಲಿರಬೇಕು ಎಂಬುದೇ ಆ ಪ್ರೋಗ್ರಾಮಿನ ಹೆಚ್ಚುಗಾರಿಕೆ. ಮೊದಲ ದಿನವೇ ಕಂಪಲಾಪುರಕ್ಕೊಂದು ಬೇರೆ ಕಾನೂನು ಬರೆಯುತ್ತೀಯಾ ಎಂದು ಉಮಾಶಂಕರ ಕೇಳಿದರು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹುಣಸೂರಿನಿಂದ ಹೋದ ದಪ್ಪ ವಯರೂ ಅದೇ ಪೆಟ್ಟಿಗೆಯಲ್ಲಿ ಕೂತಿದೆ. ಪ್ರೋಗ್ರಾಮು ಅದನ್ನು ತಾನೇ ಗುರುತಿಸಿ ಬಿಟ್ಟು ನಡೆಯುತ್ತದೆ. ಕೈಯಿಂದ ಟೈಪು ಮಾಡುವಾಗ ಆ ಕಾವಲಿಲ್ಲ. ತಪ್ಪಿ ಆ ತೂತನ್ನು ಮುಟ್ಟಿದರೆ ಕಂಪಲಾಪುರ ಪೂರ್ತಿ ಕಡಿದುಹೋಗುತ್ತದೆ, ಆಮೇಲೆ ಸ್ಕೂಟರಿನಲ್ಲಿ ಯಾರಾದರೂ ಹೋಗಿ ತಲುಪುವ ಹೊತ್ತಿಗೆ ಅಲ್ಲಿರುವುದು ಮೊಸರು.

"ನಂಬರೆಲ್ಲ ಗಂಧದಲ್ಲಿ ಮುಚ್ಚೋಗವೆ," ಎಂದ ಲಿಂಗರಾಜು. ತಾಳಿ, ಎಣಿಸುತ್ತೇನೆ ಎಂದು ಹೋದವನು ಬಂದು, "ಎಡಗಡೆಯಿಂದ ಐದನೇದು ಕಣವ್ವ," ಎಂದ.

ಅವಳು ಐದು ಎಂದು ಹೊಡೆದಳು. ಎಂಟರ್ ಮೇಲೆ ಬೆರಳಿಟ್ಟಳು. ಆ ಕಡೆ ಕ್ಯಾನಿನ ಮುಚ್ಚಳ ತೆಗೆದ ಸದ್ದಾಯಿತು; ಮೂಸಿ ನೋಡಿದೆ, ಇನ್ನೂ ಸರಿಯಾಗಿದೆ, ಬೇಗ ಮಾಡಿ ಎಂದು ಭದ್ರಮ್ಮ ಕೂಗಿದಳು. ಬೃಂದಾಳ ಬೆರಳು ಇಳಿಯಲಿಲ್ಲ.

"ದಪ್ಪ ವಯರು ಎಷ್ಟನೇದು ಅಣ್ಣ?"

"ಅದಾ? ಮೂರನೇದು. ಅದೇ ಮೇಲ್ಗಡೆ ಸಾಲಲ್ಲೇ."

ಮೇಲಿನ ಸಾಲು. ಅವನು ಅಡ್ಡಕ್ಕೆ ಎಣಿಸಿದ್ದ. ಪೆಟ್ಟಿಗೆಯ ಅಂಕಿ ಅಡ್ಡಕ್ಕೆ ನಡೆಯುವುದಿಲ್ಲ, ಮೇಲೊಂದು ಕೆಳಗೊಂದು ಎಂದು ಜಡೆ ಹೆಣೆದ ಹಾಗೆ ನಡೆಯುತ್ತದೆ. ಮೇಲಿನ ಸಾಲಿಗೆ ಬರುವುದು ಒಂದು, ಮೂರು, ಐದು, ಏಳು, ಒಂಬತ್ತು. ಅವನ ಐದನೆಯದು ಪೆಟ್ಟಿಗೆಯ ಒಂಬತ್ತು. ಪೆಟ್ಟಿಗೆಯ ಐದರಲ್ಲಿ ಕೂತಿರುವುದು ದಪ್ಪ ವಯರು.

ಅವಳು ಬೆರಳನ್ನು ಮೆಲ್ಲಗೆ ಎತ್ತಿಕೊಂಡಳು, ಬಿಸಿ ಬಾಣಲೆಯ ಅಂಚಿನಿಂದ ತೆಗೆದ ಹಾಗೆ. ಐದನ್ನು ಅಳಿಸಿ ಒಂಬತ್ತು ಹೊಡೆದಳು. ತಾನೂ ಒಮ್ಮೆ ಮನಸ್ಸಿನಲ್ಲೇ ಮೇಲೆ ಕೆಳಗೆ ಎಣಿಸಿದಳು. ಲಿಂಗರಾಜುವಿನಿಂದಲೂ ಇನ್ನೊಮ್ಮೆ ಎಣಿಸಿಸಿದಳು. ಎಂಟರ್ ಒತ್ತಿದಳು.

ತೂಕದ ಯಂತ್ರವನ್ನು ಆರಿಸಿ ಹೊತ್ತಿಸಲು ಹೇಳಿದಳು. ಪರದೆ ಸುಮ್ಮನಿತ್ತು. ಆಮೇಲೆ ಪರದೆಯ ಬುಡದಲ್ಲಿ ಒಂದು ಸಾಲು ಮೂಡಿತು. ಕೂಗು ಬಂದಿತ್ತು, ಹಾಲಿನ ದಾರಿಯಿಂದ. ಅದರ ಕೆಳಗೇ ಹೊರಟ ನಂಬರು.

"ತಗಂತು ಕಣವ್ವ," ಎಂದ ಲಿಂಗರಾಜು. "ಭದ್ರಕ್ಕ, ನಿಂದೇ ಮೊದ್ಲು, ಎತ್ತು." ರಿಸೀವರನ್ನು ಎಲ್ಲಿಯೋ ಇಟ್ಟು ಓಡಿದ. ಇಡುವುದನ್ನೂ ಸರಿಯಾಗಿ ಇಡಲಿಲ್ಲ, ಲೈನು ಹಾಗೇ ಉಳಿಯಿತು.

ಉಮಾಶಂಕರ ಮುಂದೆ ಬಂದು ಮೇಜಿಗೆ ಒರಗಿದರು. ಅಧ್ಯಕ್ಷರಿಗೆ ಆಗಲೇ ಯಾರೋ ಸುದ್ದಿ ಮುಟ್ಟಿಸಿದ್ದಾರೆ, ಈಗ ಫೋನು ಮಾಡಲೇಬೇಕು ಎಂದರು. "ಏನು ಹೇಳ್ಲಿ?"

ಪ್ರೋಗ್ರಾಮಿನ ಸಾಲುಗಳು ಇನ್ನೂ ಪರದೆಯ ಒಂದು ಮೂಲೆಯಲ್ಲಿ ತೆರೆದಿದ್ದವು. ಬೃಂದಾ ಅತ್ತ ನೋಡಲಿಲ್ಲ.

"ತೂತು ಹಂಚಿದ್ದು ನಾನು ಸಾರ್. ಹಂಚಿದೀನಿ ಅಂತ ಅವರಿಗೆ ಹೇಳದೆ ಇದ್ದದ್ದೂ ನಾನೇ. ಹಂಗೇ ಹೇಳಿ."

"ನಿನ್ನ ಪ್ರೋಗ್ರಾಮು ಹೋಗ್ತದೆ."

"ಹೋಗ್ಬೋದು."

ಉಮಾಶಂಕರ ಕನ್ನಡಕ ಹಾಕಿಕೊಂಡರು. ಬಾಗಿಲು ಎಳೆದುಕೊಂಡು ಹೊರಗಿನ ಕೋಣೆಯ ಫೋನಿನ ಕಡೆ ಹೋದರು. ಅವರು ಡಯಲು ಮಾಡುವುದು, ತಡೆದು ನಿಲ್ಲುವುದು, ತಲೆ ತಗ್ಗಿಸಿ ಮಾತು ಶುರು ಮಾಡುವುದು ಗಾಜಿನಾಚೆ ಕಾಣುತ್ತಿತ್ತು. ಮಾತು ಮಾತ್ರ ಕೇಳಿಸುತ್ತಿರಲಿಲ್ಲ.

ಬೃಂದಾ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದಳು. ಕಂಪಲಾಪುರದಲ್ಲಿ ಯಾರೋ ಕ್ಯಾನು ಎತ್ತಿ ಬಗ್ಗಿಸಿದರು. ಹಾಲು ಮೊದಲು ತಗಡಿನ ಮೇಲೆ ಬಿದ್ದ ಸದ್ದಾಯಿತು, ಆಮೇಲೆ ಹಾಲಿನ ಮೇಲೆ ಹಾಲು ಬೀಳುವ ಸದ್ದು.