ವಿಶಾಲಮ್ಮನ ಕೈಪಾಠ

"ಹೆರಿಗೆ ಮಾಡ್ಸಿ ನೀವು ಈ ಕಡೆ ಬಂದ್ರಲ್ಲ, ಆವಾಗಿಂದ ಮಲಗೇ ಅವ್ಳೆ ಕಣವ್ವ ನನ್ ಸೊಸೆ ಸೌಂದರ್ಯ," ಎಂದಳು ಗಿಡ್ಡಮ್ಮ. ಅವಳದು ಪುರುಡಿನ ಮನೆ, ಹಾಗಾಗಿ ಬೀದಿಯಲ್ಲೇ ನಿಂತಿದ್ದಳು. "ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿದೀನಿ. ಈಯಮ್ಮನ್ನ ಕೊನೇ ಸಲ ನೋಡ್ದೆ ಹೆಂಗಿರ್ಲಿ? ನನ್ ಮೂರೂ ಮಕ್ಕಳ್ನ ಹೆರ್ಸಿದ್ದು ಈಯಮ್ಮನೇಯ."

ಜಗಲಿಯ ಮೇಲೆ ವಿಶಾಲಮ್ಮನ ಹೆಣ ಕೂರಿಸಿದ್ದರು. ಕಣಕಟ್ಟೆಯಲ್ಲಿ ಮೂವತ್ತು ವರ್ಷ ನರ್ಸಮ್ಮನಾಗಿದ್ದವಳು. ಅವಳ ಜಾಗಕ್ಕೆ ಬಂದ ಲತಾಮಣಿ ಪಕ್ಕದಲ್ಲಿ ಕೂತು ಹೆಣದ ಸೆರಗು ಸರಿಮಾಡುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಸೌಂದರ್ಯ ನೀರು ಕೇಳಿದ್ಲಾ?"

"ಕೇಳ್ತಾನೇ ಅವ್ಳೆ. ಹಸೀ ಬಾಣಂತಿಗೆ ನೀರು ಕೊಡ್ತಾರಾ? ಬೆವರು ಬೇರೆ ಸುರೀತೈತೆ, ಮಂಕಾಗಿ ಬಿದ್ಕೊಂಡವ್ಳೆ."

*

ಹತ್ತು ವರ್ಷದ ಹಿಂದೆ, ಹೊಸದಾಗಿ ಬಂದ ಲತಾಮಣಿಯ ಕೈಯನ್ನು ವಿಶಾಲಮ್ಮ ಬಾಣಂತಿಯೊಬ್ಬಳ ಹೊಟ್ಟೆಯ ಮೇಲಿಟ್ಟಿದ್ದಳು.

"ಉಂಗುರ ತೆಗಿಯೇ, ಮದುವೆಗೆ ಬಂದಿದೀಯಾ? ಒತ್ತಿ ನೋಡು. ಗರ್ಭ ಗಟ್ಟಿಯಾಗೈತಾ? ಹಂಗಾದ್ರೆ ಭಯ ಇಲ್ಲ. ಮೆತ್ತಗಿದ್ರೆ ರಕ್ತ ನಿಂತಿಲ್ಲ ಅಂತ." ಆಮೇಲೆ ದನಿ ತಗ್ಗಿಸಿದಳು. "ಜಾವಗಲ್‌ನಲ್ಲಿ ಮುದ್ದಮ್ಮ ಅಂತ ಒಬ್ಳಿದ್ಲು. ಮಲಗವ್ಳೆ ಅಂದ್ರು. ಬಸ್ಸಿಗೆ ಹೊತ್ತಾಗಿತ್ತು, ನಂಬ್ಕೊಂಡು ಬಂದ್ಬಿಟ್ಟೆ. ಹೊಟ್ಟೆಗೆ ಸುತ್ತಿದ್ ಬಟ್ಟೆ ಬಿಚ್ಚಿ ನೋಡಿದ್ದಿದ್ರೆ ಉಳೀತಿದ್ಲು ಕಣೇ."

*

ಲತಾಮಣಿ ಎದ್ದು ಬ್ಯಾಗು ಹುಡುಕಿದಳು.

"ಇನ್ನೇನು ಎತ್ತೋದೇಯ, ಲತವ್ವ," ಎಂದ ವಿಶಾಲಮ್ಮನ ತಮ್ಮ ಹೊನ್ನಯ್ಯ. "ಮಗಳಂಗಿದ್ದೋಳು ನೀನು. ನಮ್ಮಕ್ಕನ ಬಾಯಿಗೆ ನೀರು ಬಿಟ್ಟು ಹೋಗು."

"ಆಗಲ್ಲ ಮಾವ."

ಗಿಡ್ಡಮ್ಮ ಅಡ್ಡ ಬಂದಳು. "ಅಯ್ಯೋ, ಹೆಣ ಮುಟ್ಟಿದ ಕೈ! ತಲೆಗೆ ನೀರು ಹುಯ್ಕೊಳ್ದೆ ಬಾಣಂತೀನ ಮುಟ್ಟಂಗಿಲ್ಲ!"

"ಕೈ ಸೋಪಲ್ಲಿ ತೊಳೀತೀನಿ. ಅಷ್ಟಕ್ಕೇ ಟೈಮಿರೋದು. ನಡೀರಿ!"

ಗಿಡ್ಡಮ್ಮನ ಮನೆಯಲ್ಲಿ ಸೌಂದರ್ಯಳ ನಾಡಿ ಓಡುತ್ತಿತ್ತು, ತುಟಿ ಬಿಳಿಚಿತ್ತು. ಸುತ್ತಿದ ಬಟ್ಟೆ ಬಿಚ್ಚಿ ಒತ್ತಿದರೆ ಹೊಟ್ಟೆ ನಾದಿದ ಹಿಟ್ಟಿನಂತೆ ಮೆತ್ತಗೆ. ರಕ್ತದ ಗಡ್ಡೆಗಳು ಜಾರಿ ಹೊರಬಂದವು. ಲತಾಮಣಿ ರಕ್ತ ನಿಲ್ಲಲು ಸೂಜಿ ಚುಚ್ಚಿದಳು, ಗರ್ಭ ಗಟ್ಟಿಯಾಗಲೆಂದು ಹೊಟ್ಟೆ ತಿಕ್ಕುತ್ತಲೇ ಕೂಗಿ ಟೆಂಪೋ ತರಿಸಿದಳು. ಬೆಳಿಗ್ಗೆ ಹೆರಿಗೆ ಮುಗಿಯುತ್ತಲೇ ವಿಶಾಲಮ್ಮನ ಸಾವಿನ ಸುದ್ದಿ ಬಂದಾಗ, ಬಾಣಂತಿಯ ಪಕ್ಕ ಇನ್ನೂ ಒಂದು ಗಂಟೆ ಇಲ್ಲೇ ಕೂರಬೇಕಿತ್ತು. ಕೂತಿರಲಿಲ್ಲ.

ಅರಸೀಕೆರೆ ಆಸ್ಪತ್ರೆಯ ದಾರಿಯ ತಿರುವಿನಲ್ಲಿ ವಿಶಾಲಮ್ಮನ ಹೆಣದ ಮುಂದಿನ ತಮಟೆ ಎದುರಾಯಿತು. ಟೆಂಪೋ ನಿಂತಿತು. ತೆರೆದ ಹಿಂಬದಿಯಲ್ಲಿ ಕೂತಿದ್ದ ಗಿಡ್ಡಮ್ಮ ಸೊಸೆಯ ಕಣ್ಣಿಗೆ ಸೆರಗು ಮುಚ್ಚಿದಳು.

"ಒಂದ್ಸಲ ಕೈ ಮುಗ್ದುಬಿಡವ್ವ," ಎಂದಳು ಲತಾಮಣಿಗೆ, ಅಳುತ್ತಾ. "ಇನ್ನೆಲ್ಲಿ ಸಿಕ್ತಾಳೆ ಅವ್ಳು ನಿಂಗೆ?"

"ಹೊಟ್ಟೆ ಮೇಲಿಂದ ಕೈ ತೆಗೆಯಂಗಿಲ್ಲ ಗಿಡ್ಡಮ್ಮ. ಈಗೀಗ ಗರ್ಭ ಗಟ್ಟಿ ಆಗ್ತಾ ಐತೆ."

ಮುಂದೆ ಬೆಂಕಿಯ ಮಡಕೆ ಹಿಡಿದಿದ್ದ ಹೊನ್ನಯ್ಯ ಟೆಂಪೋದೊಳಗೆ ನೋಡಿದ. ಕೈಯೆತ್ತಿ ತಮಟೆ ನಿಲ್ಲಿಸಿದ. ಚಟ್ಟ ಹೊತ್ತವರು ರಸ್ತೆ ಬಿಟ್ಟು, ಒಬ್ಬರ ಹಿಂದೆ ಒಬ್ಬರು, ರಾಗಿ ಹೊಲಕ್ಕೆ ಇಳಿದು ನಿಂತರು.